ಆಲಮಟ್ಟಿ ಹಿನ್ನೀರಿನಲ್ಲಿ ಹಾಯಿದೋಣಿ: ಮೂರು ಜಿಲ್ಲೆಗೆ ಒಂದು ಸಂಘ ಕಟ್ಟಿ ನಡೆಸುವ ಬಗೆ

ನಮ್ಮ ಕಡೆ ಹಾಯಿದೋಣಿ ಅಂದರೆ ಕಾರವಾರದ ಮಾತು, ಗೋವಾದ ಮಾತು. ಕಡಲಿಲ್ಲದ ಊರಿಗೆ ಅದೇಕೆ ಅಂತ ಕೇಳುವವರೇ ಜಾಸ್ತಿ. ಅವರಿಗೆ ಭೋಪಾಲ ತೋರಿಸಿ. 2023ರಲ್ಲಿ ಹಾಂಗ್‌ಝೌನಲ್ಲಿ ನಡೆದ ಏಷ್ಯನ್ ಗೇಮ್ಸ್‌ನಲ್ಲಿ ನೇಹಾ ಠಾಕೂರ್ ಹುಡುಗಿಯರ ಐಎಲ್‌ಸಿಎ 4 ಅನ್ನುವ, ಒಬ್ಬರೇ ನಡೆಸುವ ಹಾಯಿದೋಣಿಯಲ್ಲಿ ಬೆಳ್ಳಿ ಗೆದ್ದಳು. ಅವಳು ಕಲಿತದ್ದು ಭೋಪಾಲದ ಕೆರೆಯಲ್ಲಿ. ಆಲಮಟ್ಟಿಯ ಹಿನ್ನೀರು ಅದಕ್ಕಿಂತ ಎಷ್ಟೋ ದೊಡ್ಡದು. ಬೆಳಗಾವಿಯವರಿಗೆ ಹಿಡಕಲ್ ಜಲಾಶಯ ಇದೆ, ಸವದತ್ತಿಯ ನವಿಲುತೀರ್ಥ ಇದೆ. ವಿಜಯಪುರ, ಬಾಗಲಕೋಟೆ, ಬೆಳಗಾವಿ ಮೂರೂ ಜಿಲ್ಲೆಯಲ್ಲಿ ನೀರಿಗೇನೂ ಬರವಿಲ್ಲ. ಬರ ಇರುವುದು ದೋಣಿಗೆ, ಅದನ್ನು ತಿಂಗಳು ತಿಂಗಳು ನೀರಿಗಿಳಿಸುವ ಜನಕ್ಕೆ.

ಸಂಘ ಅಂದ ತಕ್ಷಣ ನಮ್ಮಲ್ಲಿ ಮೊದಲು ಆಗುವುದು ಲೆಟರ್‌ಹೆಡ್, ಆಮೇಲೆ ಅಧ್ಯಕ್ಷರು, ಆಮೇಲೆ ಶಾಲು-ಹಾರ. ದೋಣಿಯ ಸಂಘಕ್ಕೆ ಈ ಕ್ರಮ ನಡೆಯುವುದಿಲ್ಲ. ಭಾನುವಾರ ಬೆಳಿಗ್ಗೆ ರೇಸ್ ಶುರುವಾಗುವ ಗೆರೆಗೆ ಎಷ್ಟು ದೋಣಿ ಬಂದವು ಅನ್ನುವುದೊಂದೇ ಲೆಕ್ಕ. ಈ ಲೇಖನ ಆ ಲೆಕ್ಕದ ಪ್ರಕಾರವೇ ಹೋಗುತ್ತದೆ. ನೋಂದಣಿಯ ಮಾತು ಬರಲು ಸ್ವಲ್ಪ ತಡವಾಗುತ್ತದೆ.

ಮೊದಲು: ಒಂದೇ ಬಗೆಯ ದೋಣಿ

ಹಾಯಿದೋಣಿಯ ಆಟದಲ್ಲಿ ‘ಕ್ಲಾಸ್’ ಅಂದರೆ ಒಂದೇ ಅಳತೆ, ಒಂದೇ ತೂಕ, ಒಂದೇ ಹಾಯಿ ಇರುವ ದೋಣಿಗಳ ಗುಂಪು. ಎಲ್ಲರ ದೋಣಿಯೂ ಒಂದೇ ಥರ ಇದ್ದಾಗ ಗೆಲ್ಲುವುದು ಕೈಚಳಕ, ದುಡ್ಡಲ್ಲ. ಆ ಕ್ಲಾಸಿನ ದೋಣಿ ಇಟ್ಟವರೆಲ್ಲ ಸೇರಿ ಕಟ್ಟಿಕೊಳ್ಳುವುದೇ ಕ್ಲಾಸ್ ಅಸೋಸಿಯೇಷನ್.

ಶುರುಮಾಡುವವರಿಗೆ ನನ್ನ ಆಯ್ಕೆ ಆಪ್ಟಿಮಿಸ್ಟ್. 1947ರಲ್ಲಿ ಅಮೆರಿಕದ ಫ್ಲಾರಿಡಾದಲ್ಲಿ ಕ್ಲಾರ್ಕ್ ಮಿಲ್ಸ್ ಅನ್ನುವವರು ಮಕ್ಕಳಿಗಾಗಿಯೇ ಮಾಡಿದ ದೋಣಿ ಇದು. ಉದ್ದ ಸುಮಾರು 2.3 ಮೀಟರ್, ಬರೀ ಒಡಲಿನ ತೂಕ 35 ಕೆ.ಜಿ., ಒಂದೇ ಹಾಯಿ, ಒಬ್ಬರೇ ಕೂರುವುದು. ಮುಂದಿನ ಮೂತಿ ಮೊಂಡಾಗಿದ್ದು ನೋಡಲು ಸ್ನಾನದ ತೊಟ್ಟಿಯಂತಿದೆ. ಆದರೆ ಸುಲಭಕ್ಕೆ ಮಗುಚುವುದಿಲ್ಲ. ಇಬ್ಬರು ದೊಡ್ಡವರು ಹಿಡಿದರೆ ಎತ್ತಿಕೊಂಡು ಹೋಗಬಹುದು. ಮಕ್ಕಳು 15 ತುಂಬುವ ವರ್ಷದ ಕೊನೆಯವರೆಗೂ ಇದರಲ್ಲಿ ಸ್ಪರ್ಧಿಸಬಹುದು.

ಯಾರೋ ಒಬ್ಬರು ತಮ್ಮ ಹತ್ತಿರ ಇರುವ ಬೇರೆ ದೋಣಿ ತಂದು ‘ಇದನ್ನೂ ಸೇರಿಸಿಕೊಳ್ಳಿ’ ಅನ್ನುತ್ತಾರೆ. ಬೇಸರವಾಗದ ಹಾಗೆ ಬೇಡ ಅನ್ನಿ. ನಾಲ್ಕು ಬಗೆಯ ಎಂಟು ದೋಣಿಗಿಂತ ಒಂದೇ ಬಗೆಯ ಐದು ದೋಣಿ ಮೇಲು. ಬಿಡಿಭಾಗವೂ ಒಂದೇ, ಪಾಠವೂ ಒಂದೇ, ರೇಸೂ ಒಂದೇ.

ಹಳೆ ದೋಣಿ ಕೊಳ್ಳುವುದಾದರೆ ನೋಡಬೇಕಾದ್ದು ಇಷ್ಟು. ಡ್ಯಾಗರ್‌ಬೋರ್ಡ್ (ದೋಣಿಯ ನಡುವಿನಿಂದ ನೀರಿಗೆ ಇಳಿಸುವ ಹಲಗೆ) ಇಳಿಯುವ ಸೀಳಿನ ಸುತ್ತ ಬಿರುಕಿದೆಯೇ? ಮಾಸ್ಟ್ (ಹಾಯಿ ಕಟ್ಟುವ ಕಂಬ) ಕೂರುವ ತಳ ಗಟ್ಟಿಯಿದೆಯೇ? ಒಳಗಿನ ಮೂರೂ ಗಾಳಿಚೀಲಗಳನ್ನು ಊದಿ ಒಂದು ರಾತ್ರಿ ಬಿಟ್ಟರೆ ಬೆಳಿಗ್ಗೆ ಹಾಗೇ ಇರುತ್ತವೆಯೇ? ದೋಣಿಯನ್ನು ತೂಕಕ್ಕೂ ಇಡಿ. 35 ಕೆ.ಜಿ.ಗಿಂತ ಬಹಳ ಜಾಸ್ತಿ ಬಂದರೆ ಫೈಬರ್ ಒಳಗೆ ನೀರು ಕುಡಿದಿದೆ ಅಂತ ಅರ್ಥ. ನೋಂದಣಿ ಫಲಕ ಮತ್ತು ಅಳತೆಯ ಕಾಗದ ಇಲ್ಲದ ದೋಣಿ ಕಲಿಯಲು ಸಾಕು, ರಾಷ್ಟ್ರಮಟ್ಟದ ರೇಸಿಗೆ ತೊಂದರೆ ಕೊಡುತ್ತದೆ. ಹಾಯಿಯ ಮೇಲೆ ಐಎನ್‌ಡಿ ಅನ್ನುವ ದೇಶದ ಗುರುತು ಮತ್ತು ನಂಬರ್ ಇರಬೇಕು. ಆ ನಂಬರು ನೀವೇ ಹಾಕಿಕೊಳ್ಳುವುದಲ್ಲ, ರಾಷ್ಟ್ರೀಯ ಸಂಸ್ಥೆಯ ಮೂಲಕ ಬರಬೇಕು.

ಎರಡನೆಯದು: ನೀರು ಯಾರದ್ದು

ಆಲಮಟ್ಟಿ ಮತ್ತು ನಾರಾಯಣಪುರ ಜಲಾಶಯಗಳು ಕೃಷ್ಣಾ ಭಾಗ್ಯ ಜಲ ನಿಗಮದ ಕೈಯಲ್ಲಿವೆ. ಹಿಡಕಲ್ ಮತ್ತು ನವಿಲುತೀರ್ಥ ಕರ್ನಾಟಕ ನೀರಾವರಿ ನಿಗಮದ್ದು. ಅನುಮತಿಯ ಅರ್ಜಿ ಅಲ್ಲಿಗೆ ಹೋಗಬೇಕು, ಪ್ರತಿಗಳು ಜಿಲ್ಲಾಧಿಕಾರಿ ಕಚೇರಿಗೆ, ಪೊಲೀಸ್ ಠಾಣೆಗೆ, ಗ್ರಾಮ ಪಂಚಾಯಿತಿಗೆ. ಅರ್ಜಿಯಲ್ಲಿ ಜಾಗದ ನಕಾಶೆ, ದಿನ, ಹೊತ್ತು, ದೋಣಿಗಳ ಸಂಖ್ಯೆ, ಕಾವಲು ದೋಣಿಯ ವಿವರ ಎಲ್ಲ ಸ್ಪಷ್ಟವಾಗಿರಲಿ. ‘ಜಲಕ್ರೀಡೆ’ ಅಂತಷ್ಟೇ ಬರೆದರೆ ಅಧಿಕಾರಿಯ ಕಣ್ಣಿಗೆ ಜೆಟ್‌ಸ್ಕೀ, ಗದ್ದಲ, ಡೀಸೆಲ್ ಕಾಣುತ್ತದೆ. ಎಂಜಿನ್ ಇಲ್ಲದ ಮಕ್ಕಳ ದೋಣಿ ಅಂತ ಮೊದಲ ಸಾಲಿನಲ್ಲೇ ಹೇಳಿ. ಅಣೆಕಟ್ಟೆಯ ಹತ್ತಿರದ ನೀರನ್ನಂತೂ ಕೇಳಲೇಬೇಡಿ. ಆಲಮಟ್ಟಿಯ 26 ಗೇಟುಗಳು ಯಾವಾಗ ಏಳುತ್ತವೆ ಅನ್ನುವುದು ಮಹಾರಾಷ್ಟ್ರದ ಮಳೆಯ ಮೇಲಿದೆ. ಹಳೇ ಬಾಗಲಕೋಟೆಯ ಪಕ್ಕದ ಘಟಪ್ರಭಾ ಹಿನ್ನೀರಿನಂಥ ಜಾಗ ಮಕ್ಕಳಿಗೆ ಒಳ್ಳೆಯದು: ದಡಕ್ಕೆ ರಸ್ತೆ ಇದೆ, ಆಸ್ಪತ್ರೆ ಹತ್ತಿರ.

ಕಾಗದ ಸಿಗುವ ಮೊದಲೇ ಮಾಡಬೇಕಾದ ಇನ್ನೊಂದು ಕೆಲಸ ಮೀನುಗಾರರ ಹತ್ತಿರ ಕೂತು ಮಾತಾಡುವುದು. ಅವರ ಸಹಕಾರ ಸಂಘದ ಹಿರಿಯರನ್ನು ಹುಡುಕಿಕೊಂಡು ಹೋಗಿ, ಚಹಾ ಕುಡಿದು ಬನ್ನಿ. ‘ಅಲ್ಲಿ ಬಲಿ ಹಾಕೀವ್ರಿ, ಆ ಕಡಿ ಹೋಗಬ್ಯಾಡ್ರಿ’ ಅಂತ ಅವರು ತೋರಿಸಿದ ಜಾಗವನ್ನು ನಕಾಶೆಯಲ್ಲಿ ಕೆಂಪು ಮಾಡಿ. ಒಂದು ಮಗುವಿನ ಚುಕ್ಕಾಣಿ ಬಲೆಗೆ ಸಿಕ್ಕಿ ಬಲೆ ಹರಿದರೆ ಅಲ್ಲಿಗೆ ನಿಮ್ಮ ಸಂಘದ ಕಥೆ ಮುಗಿಯಿತು. ಹರಿದರೆ ತುಂಬಿಕೊಡುವ ಮಾತು ಮೊದಲೇ ಆಗಿರಲಿ. ನಿಮ್ಮ ಕಾವಲು ದೋಣಿ ಓಡಿಸುವವರೂ ಅವರಲ್ಲೇ ಸಿಗುತ್ತಾರೆ. ಅವರಷ್ಟು ಆ ನೀರು ಬಲ್ಲವರು ಬೇರೆ ಯಾರಿದ್ದಾರೆ?

ಇದು ಮುಳುಗಡೆಯ ನೀರು ಅನ್ನುವುದು ಇಲ್ಲಿನವರಿಗೆ ಹೇಳಿಕೊಡಬೇಕಾದ್ದಲ್ಲ. ಕೆಳಗೆ ಮನೆಯ ಗೋಡೆಗಳಿವೆ, ಬಾವಿಕಟ್ಟೆಗಳಿವೆ, ಜಾಲಿ ಬೊಡ್ಡೆಗಳಿವೆ. ಹಿಡಕಲ್ ಹಿನ್ನೀರಿನಲ್ಲಿ ವಿಠ್ಠಲನ ಗುಡಿಯೇ ಮುಳುಗಿದೆ, ನೀರಿಳಿದಾಗ ಹೊರಗೆ ಬರುತ್ತದೆ. ಆಲಮಟ್ಟಿಯ ಪೂರ್ಣ ಮಟ್ಟ 519.60 ಮೀಟರ್. ದಿನದ ಮಟ್ಟ ಪೇಪರಿನಲ್ಲೇ ಬರುತ್ತದೆ. ಒಂದು ನೋಟ್‌ಬುಕ್ ಇಟ್ಟು, ಯಾವ ಮಟ್ಟದಲ್ಲಿ ಯಾವ ಗೋಡೆ ತಲೆ ಎತ್ತಿತು ಅಂತ ಬರೆಯುತ್ತಾ ಹೋಗಿ. ಎರಡು ಬೇಸಿಗೆ ಬರೆದರೆ ಅದಕ್ಕಿಂತ ಒಳ್ಳೆಯ ನಕಾಶೆ ನಿಮಗೆ ಯಾರೂ ಕೊಡಲಾರರು.

ಮೊಸಳೆಯ ವಿಷಯ ಮುಚ್ಚಿಡಬೇಡಿ. ಕೃಷ್ಣೆಯಲ್ಲಿ ಮೊಸಳೆಗಳಿವೆ, ಅಪ್ಪ-ಅಮ್ಮಂದಿರು ಕೇಳುವ ಮೊದಲ ಪ್ರಶ್ನೆಯೂ ಅದೇ. ಜಾಗ ಆರಿಸುವಾಗ ಅರಣ್ಯ ಇಲಾಖೆಯವರನ್ನೂ ಮೀನುಗಾರರನ್ನೂ ಕೇಳಿ. ಹುಲ್ಲು, ಆಪು ಬೆಳೆದ ದಡ, ಹಳ್ಳ ಬಂದು ಸೇರುವ ಮೂಲೆ, ಮೀನು ಸ್ವಚ್ಛ ಮಾಡುವ ಜಾಗ ಇವುಗಳಿಂದ ದೂರ ಇರಿ. ಬೆಳಗಿನ ಜಾವ, ಸಂಜೆ ಕತ್ತಲಲ್ಲಿ ಮಕ್ಕಳನ್ನು ನೀರಿಗೆ ಬಿಡಬೇಡಿ. ಯಾವುದೇ ವಾರ ಮೊಸಳೆ ಕಂಡ ಸುದ್ದಿ ಬಂದರೆ ಆ ಭಾನುವಾರ ದಡದ ಪಾಠ, ಅಷ್ಟೇ. ಚಳಿಗಾಲದಲ್ಲಿ ಹಿನ್ನೀರಿಗೆ ರಾಜಹಂಸಗಳು ಬರುತ್ತವೆ. ಅವು ಮೇಯುವ ತೆಳುನೀರಿನ ಕಡೆ ಗುರುತುಬುರುಡೆ (ರೇಸಿನ ದಾರಿ ತೋರಿಸಲು ತೇಲಿಬಿಡುವ ಗುರುತು) ಹಾಕಬೇಡಿ. ಅದಕ್ಕೂ ಅರಣ್ಯ ಇಲಾಖೆಯ ಮಾತು ಕೇಳಿಯೇ ಮುಂದೆ ಹೋಗಬೇಕು.

ಮೂರನೆಯದು: ಕ್ಯಾಲೆಂಡರ್

ಗಾಳಿ, ನೀರು, ಶಾಲೆ, ಜಾತ್ರೆ ನಾಲ್ಕನ್ನೂ ಒಂದೇ ಹಾಳೆಯಲ್ಲಿ ಬರೆದು ನೋಡಿ. ಜುಲೈ–ಆಗಸ್ಟ್‌ನಲ್ಲಿ ಗಾಳಿ ಜೋರು, ಆದರೆ ನದಿಗೆ ನೆರೆ. ಮಕ್ಕಳಿಗೆ ಆಗುವುದಿಲ್ಲ. ಮಾರ್ಚ್ ನಂತರ ನೀರು ಇಳಿದು ಕೆಸರು, ಮೇಲಿಂದ ಪರೀಕ್ಷೆ. ಏಪ್ರಿಲ್–ಮೇ ಮಧ್ಯಾಹ್ನದ ಅಡ್ಡಮಳೆ ಹೇಳಿಕೇಳಿ ಬರುವುದಿಲ್ಲ. ಸುಳಿಗಾಳಿ ಐದೇ ನಿಮಿಷದಲ್ಲಿ ದೋಣಿಗಳನ್ನೆಲ್ಲ ಮಗುಚಿಬಿಡುತ್ತದೆ. ಉಳಿದದ್ದು ಸೆಪ್ಟೆಂಬರ್ ಕೊನೆಯಿಂದ ಫೆಬ್ರುವರಿ. ಕಲಿಕೆಯ ಶಿಬಿರಕ್ಕೆ ದಸರಾ ರಜೆ ಹೇಳಿಮಾಡಿಸಿದಂತಿದೆ. ಚಳಿಗಾಲದ ಮೂಡಗಾಳಿ ಬಹುತೇಕ ಹದವಾಗಿರುತ್ತದೆ, ಬೆಳಿಗ್ಗೆ ಹೊತ್ತೇರಿದ ಮೇಲೆ ರೇಸ್ ಮಾಡಬಹುದು.

ಈಗ ಆ ಹಾಳೆಯಿಂದ ತೆಗೆಯಬೇಕಾದ ದಿನಗಳು. ಎಳ್ಳಮಾವಾಸ್ಯೆಗೆ ಎಲ್ಲರೂ ಹೊಲದಲ್ಲಿರುತ್ತಾರೆ. ಸಂಕ್ರಾಂತಿಗೆ ವಿಜಯಪುರದಲ್ಲಿ ಸಿದ್ಧೇಶ್ವರ ಜಾತ್ರೆ, ಜನವರಿ ಆಸುಪಾಸು ಬನಶಂಕರಿ ಜಾತ್ರೆ, ಭಾರತ ಹುಣ್ಣಿಮೆಗೆ ಸವದತ್ತಿ ಎಲ್ಲಮ್ಮ. ಆ ದಿನ ರೇಸ್ ಇಟ್ಟರೆ ನೀವು, ಕಾವಲು ದೋಣಿಯವರು ಇಬ್ಬರೇ ಇರುತ್ತೀರಿ. ಬಹುಶಃ ಕಾವಲು ದೋಣಿಯವರೂ ಇರುವುದಿಲ್ಲ. ಕಬ್ಬು ನುರಿಸುವ ತಿಂಗಳುಗಳಲ್ಲಿ ರಸ್ತೆಯ ತುಂಬ ಟ್ರ್ಯಾಕ್ಟರ್, ಹಿಂದೆ ಎರಡೆರಡು ಟ್ರೇಲರ್. ರಾತ್ರಿ ದೋಣಿ ಸಾಗಿಸುವ ಯೋಚನೆ ಬಿಟ್ಟುಬಿಡಿ.

ತಿಂಗಳಿಗೆ ಎರಡು ಭಾನುವಾರ ಅಭ್ಯಾಸ, ಸೀಸನ್‌ಗೆ ಮೂರು ರೇಸ್‌ಕೂಟ. ಮೊದಲೆರಡು ವರ್ಷಕ್ಕೆ ಇದು ಸಾಕು. ದಿನಾಂಕಗಳನ್ನು ಆಗಸ್ಟ್‌ನಲ್ಲೇ ಹೇಳಿಬಿಡಿ. ಬೆಳಗಾವಿಯಿಂದ ಬಾಗಲಕೋಟೆಗೆ ಸುಮಾರು 140 ಕಿಲೋಮೀಟರ್. ಅಷ್ಟು ದೂರದಿಂದ ಬರುವ ಮನೆಯವರಿಗೆ ‘ಮುಂದಿನ ವಾರ ನೋಡೋಣ’ ಅಂದರೆ ಎರಡನೇ ಸಲ ಅವರು ಬರುವುದಿಲ್ಲ.

ನಾಲ್ಕನೆಯದು: ಸುರಕ್ಷತೆ

ಇಲ್ಲಿ ಉಳಿತಾಯ ಮಾಡಬೇಡಿ. ದಡದಲ್ಲಿ ಒಬ್ಬ ಅಪ್ಪ ಕೇಳಿಯೇ ಕೇಳುತ್ತಾರೆ: ‘ಸರ, ನಮ್ಮ ಹುಡುಗಗ ಈಜು ಬರ್ತದರಿ, ಮತ್ತ ಲೈಫ್ ಜಾಕೆಟ್ ಯಾಕ್ರಿ?’ ಉತ್ತರ ಒಂದೇ: ಈಜು ಬರದಿದ್ದರೆ ದೋಣಿ ಇಲ್ಲ, ಈಜು ಬಂದರೂ ಜಾಕೆಟ್ ಬಿಟ್ಟರೆ ದೋಣಿ ಇಲ್ಲ. ಜಾಕೆಟ್ ಮಗುವಿನ ತೂಕಕ್ಕೆ ತಕ್ಕದ್ದಿರಬೇಕು, ಅದಕ್ಕೊಂದು ಸೀಟಿ ಕಟ್ಟಿರಬೇಕು. ಹೆಗಲ ಹತ್ತಿರ ಹಿಡಿದು ಮೇಲಕ್ಕೆತ್ತಿ ನೋಡಿ. ಜಾಕೆಟ್ ಕಿವಿಗೆ ಬಂದರೆ ಅದು ದೊಡ್ಡದಾಯಿತು. ಈಜನ್ನೂ ಬಾಯಿಮಾತಿಗೆ ನಂಬಬೇಡಿ. ಬಟ್ಟೆ, ಜಾಕೆಟ್ ಹಾಕಿಕೊಂಡೇ 50 ಮೀಟರ್ ಈಜಿ ತೋರಿಸಲಿ.

ದೋಣಿಯಲ್ಲಿ ಇರಲೇಬೇಕಾದ್ದು ನೀರು ಮೊಗೆಯುವ ಡಬ್ಬಿ (ಹಗ್ಗದಿಂದ ಕಟ್ಟಿದ್ದು), ಹುಟ್ಟು, ಮುಂದೆ 8 ಮೀಟರಿಗೆ ಕಮ್ಮಿಯಿಲ್ಲದ ತೇಲುವ ಹಗ್ಗ. ಗಾಳಿ ಕೆಟ್ಟಾಗ ಈ ಹಗ್ಗಗಳಿಂದಲೇ ದೋಣಿಗಳನ್ನು ಸಾಲಾಗಿ ಕಟ್ಟಿ ಎಳೆದು ತರುವುದು. ಎಂಜಿನ್ ಇರುವ ಕಾವಲು ದೋಣಿ ಕನಿಷ್ಠ ಎರಡು ಬೇಕು. ಒಂದು ಎಳೆಯುತ್ತಿದ್ದರೆ ಇನ್ನೊಂದು ಉಳಿದ ಮಕ್ಕಳ ಹತ್ತಿರ ಇರುತ್ತದೆ. ಮಗು ನೀರಿನಲ್ಲಿದ್ದಾಗ ಹತ್ತಿರ ಬಂದ ಎಂಜಿನ್ ಆಫ್ ಆಗಬೇಕು. ಮೀನುಗಾರ ಕಾಕಾನಿಗೆ ಇದನ್ನು ಮೊದಲ ದಿನವೇ ಬಿಡಿಸಿ ಹೇಳಿ, ಮಾಡಿ ತೋರಿಸಿಕೊಳ್ಳಿ. ಗೋವಾದಲ್ಲಿರುವ ರಾಷ್ಟ್ರೀಯ ಜಲಕ್ರೀಡಾ ಸಂಸ್ಥೆ ಜೀವರಕ್ಷಣೆ ಮತ್ತು ಎಂಜಿನ್ ದೋಣಿ ಓಡಿಸುವ ಕೋರ್ಸ್ ನಡೆಸುತ್ತದೆ. ಬೆಳಗಾವಿಯಿಂದ ದೂರವೇನಲ್ಲ. ಸಂಘದ ಮೊದಲ ದುಡ್ಡಿನಲ್ಲಿ ಟಿ-ಶರ್ಟ್ ಮಾಡಿಸುವ ಬದಲು ಇಬ್ಬರನ್ನು ಅಲ್ಲಿಗೆ ಕಳಿಸಿ.

ಹೊಸ ಮಕ್ಕಳಿಗೆ 10 ನಾಟ್, ಅಂದರೆ ಗಂಟೆಗೆ ಸುಮಾರು 18 ಕಿ.ಮೀ. ಗಾಳಿ ಮಿತಿ. ಯಂತ್ರ ಇಲ್ಲದಿದ್ದರೆ ನೀರು ನೋಡಿ. ಅಲೆಗಳ ತಲೆ ಅಲ್ಲಲ್ಲಿ ಬೆಳ್ಳಗಾಗತೊಡಗಿದರೆ ಹೊಸಬರನ್ನು ದಡಕ್ಕೆ ಕರೆಯಿರಿ. ಗುಡುಗು ಕೇಳಿದರೆ ಎಲ್ಲರೂ ಮೇಲೆ. ಕೊನೆಯ ಗುಡುಗಿನ ನಂತರ 30 ನಿಮಿಷ ಯಾರೂ ಇಳಿಯುವಂತಿಲ್ಲ. ಹಾಯಿಯ ಮಾಸ್ಟ್ ಇರುವುದು ಅಲ್ಯೂಮಿನಿಯಂನದ್ದು, ನೀರಿನ ಬಯಲಲ್ಲಿ ಎತ್ತರದ ವಸ್ತು ಅದೊಂದೇ.

ನೀರಿಗೆ ಇಳಿಯುವಾಗ ಒಂದು ಸಹಿ, ದಡ ಹತ್ತಿದಾಗ ಒಂದು ಸಹಿ. ಈ ಪಟ್ಟಿ ಹಿಡಿದವರು ಬೇರೆ ಕೆಲಸ ಮಾಡಬಾರದು. ಮಕ್ಕಳ ಜೊತೆ ಯಾವಾಗಲೂ ಇಬ್ಬರು ದೊಡ್ಡವರು, ಹುಡುಗಿಯರಿಗೆ ಬಟ್ಟೆ ಬದಲಿಸಲು ಸರಿಯಾದ ಜಾಗ, ಫೋಟೊ ಹಾಕುವ ಮೊದಲು ಮನೆಯವರ ಒಪ್ಪಿಗೆ. ಇವನ್ನು ನಿಯಮವಾಗಿ ಬರೆದಿಡಿ.

ಐದನೆಯದು: ರೇಸ್ ದಿನ

ವರ್ಲ್ಡ್ ಸೇಲಿಂಗ್ ಸಂಸ್ಥೆಯ ನಿಯಮಪುಸ್ತಕ ನಾಲ್ಕು ವರ್ಷಕ್ಕೊಮ್ಮೆ ಬದಲಾಗುತ್ತದೆ. ಈಗಿನದು 2025ರಿಂದ 2028ರದು. ಮಕ್ಕಳಿಗೆ ಅದನ್ನೆಲ್ಲ ಓದಿಸುವ ಅಗತ್ಯ ಇಲ್ಲ. ಮೂರು ಮಾತು ಸಾಕು. ಬಲಗಡೆಯಿಂದ ಗಾಳಿ ಪಡೆಯುವ ದೋಣಿಗೆ ಎಡಗಡೆಯಿಂದ ಪಡೆಯುವ ದೋಣಿ ದಾರಿ ಬಿಡಬೇಕು. ಇಬ್ಬರಿಗೂ ಒಂದೇ ಕಡೆಯಿಂದ ಗಾಳಿ ಇದ್ದು ದೋಣಿಗಳು ಅಕ್ಕಪಕ್ಕ ಬಂದಾಗ, ಗಾಳಿಯ ಕಡೆ ಇರುವವರು ಇನ್ನೊಬ್ಬರಿಗೆ ದಾರಿ ಬಿಡಬೇಕು. ಹಿಂದಿನಿಂದ ಬರುವವರು ಮುಂದಿದ್ದವರನ್ನು ತಪ್ಪಿಸಿಕೊಂಡು ಹೋಗಬೇಕು. ತಪ್ಪು ಮಾಡಿದ ದೋಣಿ ಅಲ್ಲೇ ಎರಡು ಸುತ್ತು ತಿರುಗಿ ಮುಂದೆ ಹೋಗುತ್ತದೆ. ಗುರುತುಬುರುಡೆ ತಾಕಿದರೆ ಒಂದು ಸುತ್ತು. ಈ ಆಟದಲ್ಲಿ ಅಂಪೈರ್ ಸೀಟಿ ಊದುವುದಿಲ್ಲ, ತಪ್ಪು ಮಾಡಿದವರೇ ಒಪ್ಪಿಕೊಳ್ಳಬೇಕು. ನಮ್ಮ ಮಕ್ಕಳಿಗೆ ಇದು ಮೊದಮೊದಲು ವಿಚಿತ್ರ ಅನ್ನಿಸುತ್ತದೆ, ದಡದ ಮೇಲಿನ ದೊಡ್ಡವರಿಗೆ ಇನ್ನೂ ವಿಚಿತ್ರ.

ಗುರುತುಬುರುಡೆಗೆ ಮುಚ್ಚಳ ಬಿಗಿಮಾಡಿದ ನೀಲಿ ಪ್ಲಾಸ್ಟಿಕ್ ಕ್ಯಾನ್ ಸಾಕು, ಮೇಲೆ ಕೆಂಪು ಬಟ್ಟೆ ಸುತ್ತಿ. ಲಂಗರಿಗೆ ಕಬ್ಬಿಣ ಬೇಡ, ಮುಳುಗಿದ ಗೋಡೆಗೆ ಸಿಕ್ಕಿ ಮೇಲೆ ಬರುವುದಿಲ್ಲ. ಮರಳು ತುಂಬಿದ ಗೋಣಿಚೀಲ ಕಟ್ಟಿ. ಹಗ್ಗ ಆ ಜಾಗದ ಆಳಕ್ಕಿಂತ ಜಾಸ್ತಿ ಇರಲಿ.

ಪ್ರಾರಂಭದ ಗೆರೆ ಗಾಳಿಗೆ ಅಡ್ಡಲಾಗಿರಬೇಕು. ಉದ್ದ ಎಷ್ಟು? ಎಲ್ಲ ದೋಣಿಗಳನ್ನು ತುದಿಗೆ ತುದಿ ಇಟ್ಟರೆ ಆಗುವ ಉದ್ದದ ಒಂದೂವರೆ ಪಟ್ಟು. 12 ಆಪ್ಟಿಮಿಸ್ಟ್ ಇದ್ದರೆ 28 ಮೀಟರ್ ಆಯಿತು, ಗೆರೆ 40 ಮೀಟರ್ ಆಸುಪಾಸು. ಐದು ನಿಮಿಷ ಇರುವಾಗ ಕ್ಲಾಸಿನ ಬಾವುಟ ಏರಿಸಿ, ನಾಲ್ಕಕ್ಕೆ ಸಿದ್ಧತೆಯ ಬಾವುಟ, ಒಂದು ನಿಮಿಷ ಇರುವಾಗ ಸಿದ್ಧತೆಯದು ಇಳಿಯುತ್ತದೆ, ಸೊನ್ನೆಗೆ ಕ್ಲಾಸಿನದೂ ಇಳಿದು ರೇಸ್ ಶುರು. ಪ್ರತಿ ಸಲ ಒಂದು ಹಾರ್ನ್. ಹಾರ್ನ್ ಕೇಳಿಸದಿದ್ದರೂ ಬಾವುಟದ ಹೊತ್ತೇ ಲೆಕ್ಕ. ಹೊಸ ಮಕ್ಕಳ ರೇಸ್ 20–25 ನಿಮಿಷದಲ್ಲಿ ಮುಗಿಯಲಿ. ದಿನಕ್ಕೆ ಒಂದು ಉದ್ದ ರೇಸಿಗಿಂತ ಮೂರು ಚಿಕ್ಕವು ಒಳ್ಳೆಯವು. ಒಂದರಲ್ಲಿ ಅತ್ತವರು ಇನ್ನೊಂದರಲ್ಲಿ ನಗುತ್ತಾರೆ.

ಅಂಕ ಉಲ್ಟಾ: ಮೊದಲು ಬಂದವರಿಗೆ 1, ಎರಡನೆಯವರಿಗೆ 2. ಕೊನೆಗೆ ಕಮ್ಮಿ ಅಂಕ ಇದ್ದವರು ಗೆದ್ದಂತೆ. 12 ದೋಣಿ ಹೆಸರು ಕೊಟ್ಟಿದ್ದರೆ ಮುಗಿಸದವರಿಗೆ, ಬಾರದವರಿಗೆ 13. ಎಲ್ಲ ರೇಸ್‌ಗಳಲ್ಲಿ ಅತಿ ಕೆಟ್ಟ ಒಂದನ್ನು ಬಿಟ್ಟು ಕೂಡಿಸುವುದು ವಾಡಿಕೆ. ಎಷ್ಟು ರೇಸ್ ಆದರೆ ಬಿಡಬೇಕು ಅನ್ನುವುದನ್ನು ರೇಸಿನ ಪ್ರಕಟಣೆಯಲ್ಲೇ ಬರೆಯಿರಿ, ಬಹುಮಾನ ಹಂಚುವ ಹೊತ್ತಿಗೆ ಜಗಳ ಬೇಡ. ವರ್ಷಕ್ಕೊಮ್ಮೆಯಾದರೂ ಹೈದರಾಬಾದಿನಿಂದಲೋ ಕೆಆರ್‌ಎಸ್ ಕಡೆಯಿಂದಲೋ ಪಳಗಿದ ರೇಸ್ ಅಧಿಕಾರಿಯೊಬ್ಬರನ್ನು ಕರೆಸಿ. ಹೈದರಾಬಾದಿನ ಹುಸೇನ್ ಸಾಗರದಲ್ಲಿ ಈ ಆಟ ದಶಕಗಳಿಂದ ನಡೆದಿದೆ. ಊರವರ ಮಾತು ಕೇಳದ ಅಪ್ಪಂದಿರು ಹೊರಗಿನವರ ಮಾತು ಕೇಳುತ್ತಾರೆ.

ಆರನೆಯದು: ಈಗ ನೋಂದಣಿ, ಹಣ

ಒಂದು ಸೀಸನ್ ಮುಗಿಯಿತು, ಮನೆಯವರು ಇನ್ನೂ ಬರುತ್ತಿದ್ದಾರೆ ಅಂದರೆ ಈಗ ಕಾಗದ ಮಾಡಿ. ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ 1960ರ ಪ್ರಕಾರ ಕನಿಷ್ಠ ಏಳು ಜನ ಬೇಕು. ಉದ್ದೇಶಪತ್ರ, ನಿಯಮಾವಳಿ ಬರೆದು ಜಿಲ್ಲಾ ನೋಂದಣಾಧಿಕಾರಿಗೆ ಕೊಡಬೇಕು. ಏಳು ಜನವೂ ಒಂದೇ ಊರಿನವರಾದರೆ ‘ಪ್ರಾದೇಶಿಕ’ ಅನ್ನುವ ಮಾತು ಹೆಸರಿಗಷ್ಟೇ. ಮೂರೂ ಜಿಲ್ಲೆಯಿಂದ ಇರಲಿ. ಕ್ಲಾಸಿನ ಹೆಸರು, ಗುರುತು ಬಳಸುವ ಮೊದಲು ರಾಜ್ಯದ ಸಂಸ್ಥೆಗೂ ಈ ಆಟದ ರಾಷ್ಟ್ರೀಯ ಸಂಸ್ಥೆಯಾದ ಯಾಟಿಂಗ್ ಅಸೋಸಿಯೇಷನ್ ಆಫ್ ಇಂಡಿಯಾಗೂ ಬರೆದು ಒಪ್ಪಿಗೆ ಪಡೆಯಿರಿ. ವರ್ಷಕ್ಕೊಮ್ಮೆ ಸರ್ವಸಾಧಾರಣ ಸಭೆ, ಲೆಕ್ಕಪತ್ರ, ಪದಾಧಿಕಾರಿಗಳ ಪಟ್ಟಿ ಸಲ್ಲಿಸುವುದು ತಪ್ಪಿದರೆ ಮುಂದೆ ಅನುದಾನ ಕೇಳುವಾಗ ತೊಡಕು.

ಖಜಾಂಚಿಯ ಸ್ವಂತ ಫೋನ್‌ಪೇಗೆ ಹಣ ಹಾಕಿಸುವ ರೂಢಿ ಮೊದಲ ದಿನವೇ ನಿಲ್ಲಲಿ. ಪ್ಯಾನ್ ಮಾಡಿಸಿ, ಇಬ್ಬರ ಸಹಿಯ ಬ್ಯಾಂಕ್ ಖಾತೆ ತೆರೆಯಿರಿ. ಒಳಗೆ ಎರಡು ಲೆಕ್ಕ ಬೇರೆ ಇಡಿ: ಒಂದು ದೋಣಿಯ ನಿಧಿ, ಒಂದು ರೇಸಿನ ಖರ್ಚು. ರೇಸಿನ ಖರ್ಚು, ಅಂದರೆ ಕಾವಲು ದೋಣಿಯ ಬಾಡಿಗೆ, ಪೆಟ್ರೋಲ್, ಊಟ ಇವೆಲ್ಲ ಆ ದಿನದ ಪ್ರವೇಶ ಶುಲ್ಕದಿಂದಲೇ ಹೊರಬೇಕು. ಪ್ರಾಯೋಜಕರ ದುಡ್ಡು ಬಂದರೆ ದೋಣಿ ನಿಧಿಗೆ ಹಾಕಿ. ಊಟಕ್ಕೆ ಬಳಸಿದ ದೇಣಿಗೆ ಮುಂದಿನ ವರ್ಷ ಬರದಿದ್ದರೆ ಊಟವೂ ಇಲ್ಲ, ರೇಸೂ ಇಲ್ಲ. ರೊಟ್ಟಿ, ಝುಣಕದ ಪಾಳಿಯನ್ನು ಮನೆಗಳಿಗೆ ಹಂಚಿಕೊಟ್ಟರೆ ಆ ಖರ್ಚೂ ಉಳಿಯುತ್ತದೆ.

ಏಳನೆಯದು: ಸಾಗಣೆ, ರಿಪೇರಿ

ಮಾಸ್ಟ್, ಚುಕ್ಕಾಣಿ ಬಿಚ್ಚಿದರೆ ಟಾಟಾ ಏಸ್‌ನಲ್ಲಿ ಎರಡು ದೋಣಿ ಒಂದರ ಮೇಲೊಂದು ಹೋಗುತ್ತವೆ. ನಡುವೆ ಹಳೆ ಕೌದಿ ಹಾಕಿ, ಹಗ್ಗ ಬಿಗಿಯುವ ಜಾಗದಲ್ಲಿ ಸೈಕಲ್ ಟ್ಯೂಬಿನ ತುಂಡು ಇಡಿ. ಹಾಯಿಯನ್ನು ಮಡಚಬೇಡಿ, ಸುತ್ತಿ ಇಡಿ. ನಮ್ಮ ಬಿಸಿಲಿಗೆ ಹಾಯಿಯೂ ಹಗ್ಗವೂ ಬೇಗ ಸಾಯುತ್ತವೆ. ರೇಸ್ ಮುಗಿದ ಕೂಡಲೇ ನೆರಳಿಗೆ. ಮಾರ್ಚ್‌ನಿಂದ ಸೆಪ್ಟೆಂಬರ್‌ವರೆಗೆ ದೋಣಿ ಬೋರಲಾಗಿ, ಕಟ್ಟಿಗೆಯ ಮೇಲೆ, ಗಾಳಿಚೀಲ ಸ್ವಲ್ಪ ಸಡಿಲ ಮಾಡಿ ಇರಬೇಕು. ಫೈಬರ್ ಬಿರುಕಿಗೆ ನಿಮ್ಮೂರಿನ ನೀರಿನ ಟ್ಯಾಂಕ್, ವಾಹನದ ಬಂಪರ್ ರಿಪೇರಿ ಮಾಡುವವರ ಹತ್ತಿರವೇ ರೆಸಿನ್, ಮ್ಯಾಟ್ ಇರುತ್ತದೆ. ಆದರೆ ಅವರು ದಪ್ಪಗೆ ಬಳಿಯುತ್ತಾರೆ, ತೂಕ ಏರುತ್ತದೆ. ಪಕ್ಕದಲ್ಲಿ ನಿಂತು ಮಾಡಿಸಿ.

ಕಾರ್ಯದರ್ಶಿ ಯಾರಾಗಬೇಕು

ಆಪ್ಟಿಮಿಸ್ಟ್ ಸಂಘದ ದೊಡ್ಡ ತೊಡಕು ಇದು. ಮಗು 15 ದಾಟಿದ ಕೂಡಲೇ ಅಪ್ಪ-ಅಮ್ಮನೂ ಹೋಗುತ್ತಾರೆ. ಐದು ವರ್ಷ ದುಡಿದ ಕಾರ್ಯದರ್ಶಿ ಒಂದು ಡಿಸೆಂಬರಿನಲ್ಲಿ ಕಾಣೆಯಾಗುತ್ತಾರೆ. ಆದ್ದರಿಂದ ಕಾರ್ಯದರ್ಶಿಯ ಮಗುವಿಗೆ ಒಂಬತ್ತೋ ಹತ್ತೋ ಇರಲಿ, ಸಹಕಾರ್ಯದರ್ಶಿಯ ಮಗು ಅದಕ್ಕಿಂತ ಎರಡು ವರ್ಷ ಚಿಕ್ಕದಿರಲಿ. ಅಧ್ಯಕ್ಷರಾಗಿ ಮಕ್ಕಳು ದೊಡ್ಡವರಾದ, ಜಗಳ ಬಿಡಿಸಬಲ್ಲ ಹಿರಿಯರೊಬ್ಬರಿದ್ದರೆ ಸಾಕು.

ದೊಡ್ಡವರಾದ ಮಕ್ಕಳಿಗೆ ಮುಂದಿನ ದೋಣಿ ಐಎಲ್‌ಸಿಎ 4. ಅದರ ಒಡಲು ದೊಡ್ಡದು, 4.23 ಮೀಟರ್ ಉದ್ದ. ಅಂಥ ಎರಡು ದೋಣಿ ತರುವ ಮಾತು ನಾಲ್ಕನೇ ವರ್ಷಕ್ಕೆ ಇರಲಿ. ಅಲ್ಲಿಯವರೆಗೆ ಆ ಮಕ್ಕಳನ್ನು ಕಾವಲು ದೋಣಿಯಲ್ಲಿ, ಬಾವುಟದ ಹತ್ತಿರ, ಅಂಕ ಬರೆಯುವ ಕಡೆ ಕೂರಿಸಿ. ಹೊಸ ಕಾರ್ಯದರ್ಶಿಗೆ ಅಧಿಕಾರ ಕೊಡುವಾಗ ಕೈಗೆ ಹೋಗಬೇಕಾದ ವಸ್ತುಗಳು ಇವು: ಅನುಮತಿಯ ಮೂಲ ಪತ್ರಗಳು, ದೋಣಿಗಳ ಅಳತೆಯ ಕಾಗದ, ಬ್ಯಾಂಕಿನ ಸಹಿ ಬದಲಿಸಿದ ನಿರ್ಣಯದ ಪ್ರತಿ, ಮೀನುಗಾರರ ಸಂಘದ ಹಿರಿಯರ ಫೋನ್ ನಂಬರ್, ನೀರಿನ ಮಟ್ಟದ ಆ ನೋಟ್‌ಬುಕ್.